ಇಪ್ಪತ್ತು ಪ್ರತಿಗಳ ಅಚ್ಚುಕೂಟ: ಗಡಿಯಾಚೆಯ ಕನ್ನಡ ಶಾಲೆ ಮತ್ತು ಲೇಸರ್ ಪ್ರಿಂಟರ್



ಶಾಲೆಯ ಕಚೇರಿಯಲ್ಲಿ, ಹಾಜರಿ ಪುಸ್ತಕಗಳ ಕಪಾಟಿನ ಪಕ್ಕ ಕುಳಿತಿರುವ ಲೇಸರ್ ಪ್ರಿಂಟರಿಗೂ ಒಂದು ಇತಿಹಾಸವಿದೆ ಎಂದರೆ ನಗುವವರುಂಟು. ಇತಿಹಾಸವೆಂದರೆ ರಾಜರು, ಯುದ್ಧಗಳು, ಶಾಸನಗಳು ಎಂದೇ ನಾವು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಆದರೆ ಒಂದು ಭಾಷೆ ಒಂದು ಊರಿನಲ್ಲಿ ಉಳಿಯಿತೋ ಅಳಿಯಿತೋ ಎಂಬುದನ್ನು ಅನೇಕ ಸಲ ಇಂಥ ಸಣ್ಣ ಸಾಮಾನುಗಳೇ ನಿರ್ಧರಿಸುತ್ತವೆ. ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ ಅಚ್ಚಾಗುತ್ತದೆ? ಪಾಲಕರ ಸಭೆಯ ಸೂಚನೆ ಯಾವ ಲಿಪಿಯಲ್ಲಿ ಮನೆಗೆ ಹೋಗುತ್ತದೆ? ನಮ್ಮ ಗಡಿಭಾಗದಲ್ಲಿ ಇವು ಸಣ್ಣ ಪ್ರಶ್ನೆಗಳಲ್ಲ. ಆದ್ದರಿಂದ ಈ ಸಲ ನಮ್ಮ ಟೇಬಲ್ಲಿನ ಮೇಲಿನ ಯಂತ್ರದ ಕಥೆಯನ್ನೇ ಎತ್ತಿಕೊಂಡಿದ್ದೇನೆ.

ಸಣ್ಣ ಸಂಖ್ಯೆಯ ತೊಂದರೆ

ಹಲಕರ್ಣಿ ಇರುವುದು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನಲ್ಲಿ. ಗಡಹಿಂಗ್ಲಜವನ್ನು ಹಾಯ್ದು ಹರಿಯುವ ಹಿರಣ್ಯಕೇಶಿಯೇ ಮುಂದೆ ಸಂಕೇಶ್ವರಕ್ಕೂ ನೀರು ಕೊಡುತ್ತದೆ. ನದಿಗೆ ಗಡಿ ಗೊತ್ತಿಲ್ಲ, ಕಾಗದಕ್ಕೆ ಗೊತ್ತಿದೆ! ಗಡಹಿಂಗ್ಲಜ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಚಂದಗಡ ತಾಲೂಕು ಮಾತ್ರ ಈಚೆಗೇ ಉಳಿದು ಕೊಲ್ಹಾಪುರ ಜಿಲ್ಲೆಗೆ ಬಂತು. ಹೀಗೆ ಗೆರೆ ಎಳೆದಾಗ ಎರಡೂ ಕಡೆ ಇನ್ನೊಂದು ಭಾಷೆಯ ಮನೆಗಳು, ಇನ್ನೊಂದು ಭಾಷೆಯ ಶಾಲೆಗಳು ಉಳಿದವು. ನಮ್ಮಲ್ಲಿರುವಂತೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರಗಳಲ್ಲೂ ಕನ್ನಡ ಮಾಧ್ಯಮದ ಶಾಲೆಗಳಿವೆ.

ಪಠ್ಯಪುಸ್ತಕದ ಮಟ್ಟಿಗೆ ಒಂದು ವ್ಯವಸ್ಥೆ ಇದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳ, ಅಂದರೆ ನಾವೆಲ್ಲ ಕರೆಯುವ ಬಾಲಭಾರತಿ, ಮರಾಠಿಯ ಜೊತೆಗೆ ಕನ್ನಡದಲ್ಲೂ ಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಪುಸ್ತಕವೆಂಬುದು ದೊಡ್ಡ ಸಂಖ್ಯೆಯ ಕೆಲಸ. ಸಾವಿರಗಟ್ಟಲೆ ಪ್ರತಿ ಬೇಕು, ಹಾಗಾಗಿ ದೊಡ್ಡ ಯಂತ್ರಕ್ಕೆ ಅದು ಹಗುರ.

ಶಾಲೆ ನಡೆಯುವುದು ಪುಸ್ತಕದಿಂದ ಮಾತ್ರವಲ್ಲ. ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ, ಅಭ್ಯಾಸದ ಹಾಳೆ, ರಸಪ್ರಶ್ನೆಯ ಚೀಟಿ, ಸ್ನೇಹಸಮ್ಮೇಳನದ ಆಮಂತ್ರಣ, ಮರಾಠಿಯಲ್ಲಿ ಬಂದ ಪರಿಪತ್ರಕದ ಕನ್ನಡ ಸಾರಾಂಶ... ಇವೆಲ್ಲ ಇಪ್ಪತ್ತು, ಮೂವತ್ತು ಪ್ರತಿಯ ಕೆಲಸಗಳು. ತರಗತಿಯಲ್ಲಿ ಹದಿನೆಂಟು ಮಕ್ಕಳಿದ್ದರೆ ಹದಿನೆಂಟೇ ಪ್ರತಿ ಬೇಕು. ಮೊಳೆ ಜೋಡಿಸುವ ಮುದ್ರಕನಿಗೆ ಹದಿನೆಂಟು ಪ್ರತಿಯೂ ಒಂದೇ, ಸಾವಿರ ಪ್ರತಿಯೂ ಒಂದೇ. ಜೋಡಿಸುವ ಶ್ರಮ ಬದಲಾಗುವುದಿಲ್ಲ. ಆದ್ದರಿಂದ ಸಣ್ಣ ಸಂಖ್ಯೆಗೆ ಪ್ರತಿಯೊಂದರ ಬೆಲೆ ಹೆಚ್ಚುತ್ತದೆ. ಅಚ್ಚಿನ ಇತಿಹಾಸವೆಲ್ಲ ದೊಡ್ಡ ಸಂಖ್ಯೆಯವರ ಅನುಕೂಲದ ಇತಿಹಾಸ. ಗಡಿಶಾಲೆಯ ಅಗತ್ಯವೋ ಸಣ್ಣ ಸಂಖ್ಯೆಯದು. ಲೇಸರ್ ಪ್ರಿಂಟರಿನ ಮಹತ್ವ ಇರುವುದು ಇಲ್ಲಿಯೇ.

ಮೊಳೆಗಳ ಕಾಲ

ಕನ್ನಡ ಅಚ್ಚಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಬಂಗಾಲದ ಸೆರಾಂಪುರದಲ್ಲಿ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಆರಂಭಿಸಿದ. ಕನ್ನಡದ ಮೊದಲ ಪತ್ರಿಕೆಯೆಂದು ನಾವು ನೆನೆಯುವ ಅದು ಸೀಸದ ಮೊಳೆಗಳಲ್ಲಿ ಅಚ್ಚಾದದ್ದಲ್ಲ, ಕಲ್ಲಚ್ಚಿನಲ್ಲಿ. ಕೈಯಿಂದ ಬರೆದದ್ದನ್ನು ಕಲ್ಲಿನ ಮೇಲೆ ಇಳಿಸಿ ಒತ್ತುವ ಪದ್ಧತಿ ಅದು. ಕನ್ನಡಕ್ಕೆ ಕಲ್ಲಚ್ಚು ಒಗ್ಗಿತು. ಏಕೆಂದರೆ ನಮ್ಮ ಲಿಪಿಯಲ್ಲಿ ಮೂಲ ಅಕ್ಷರ, ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿ ನೂರಾರು ಬಗೆಯ ಮೊಳೆಗಳು ಬೇಕು. ಇಂಗ್ಲಿಷಿಗೆ ಚಿಕ್ಕದೊಂದು ಪೆಟ್ಟಿಗೆ ಸಾಕು, ಕನ್ನಡಕ್ಕೆ ಗೋಡೆ ತುಂಬ ಮನೆಗಳು ಬೇಕು!

ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಆಗ ಶಾಲೆಗಳ ಭಾಷೆ ಬಹುಮಟ್ಟಿಗೆ ಮರಾಠಿಯಾಗಿತ್ತು. ಡೆಪ್ಯೂಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳನ್ನು ತೆರೆಸಿದಾಗ ಎದುರಾದ ಮೊದಲ ಪ್ರಶ್ನೆಯೇ ಓದಿಸಲು ಪುಸ್ತಕವೆಲ್ಲಿ ಎಂಬುದು. ಧಾರವಾಡದಲ್ಲಿ 1890ರ ಜುಲೈ 20ರಂದು ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಕನ್ನಡ ಪುಸ್ತಕಗಳನ್ನು ಬರೆಸುವ ಕೆಲಸವನ್ನು ಕೈಗೆತ್ತಿಕೊಂಡಿತು. ಶಾಲೆ ತೆರೆದರೆ ಸಾಲದು, ಅಚ್ಚೂ ಬೇಕು ಎಂಬುದನ್ನು ಆ ಹಿರಿಯರು ಚೆನ್ನಾಗಿ ಅರಿತಿದ್ದರು.

ಅಚ್ಚಿಗೆ ಇಳಿಯದ ಲಿಪಿಯ ಗತಿ ಏನಾಗುತ್ತದೆ? ಅದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆ ಇದೆ, ಮೋಡಿ ಲಿಪಿ. ಮರಾಠಿ ಕಚೇರಿಗಳ ದಫ್ತರವೆಲ್ಲ ಒಂದು ಕಾಲಕ್ಕೆ ಮೋಡಿಯಲ್ಲಿತ್ತು. ಲೇಖನಿ ಎತ್ತದೆ ಸರಸರನೆ ಬರೆಯಲು ಅದು ಒಳ್ಳೆಯದು. ಸೆರಾಂಪುರದಲ್ಲಿ ಮೋಡಿಗೂ ಮೊಳೆ ತಯಾರಾಗಿತ್ತು, 1810ರ ಕೇರಿಯ ಮರಾಠಿ ಕೋಶ ಮೋಡಿಯಲ್ಲೇ ಅಚ್ಚಾಯಿತು. ಆದರೂ ಮುದ್ರಣಕ್ಕೆ ನಾಗರಿಯೇ ಅನುಕೂಲವೆಂದು ಬಾಳಬೋಧ ಲಿಪಿ ಮುಂದೆ ಬಂತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮೋಡಿ ಶಾಲೆಯಿಂದಲೂ ಕಚೇರಿಯಿಂದಲೂ ಮಾಯವಾಯಿತು. ಇಂದು ಹಳೆಯ ಜಮೀನಿನ ಕಾಗದ ಓದಿಸಲು ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಮಾತನಾಡುವವರು ಕೋಟ್ಯಂತರ ಇದ್ದ ಭಾಷೆಯ ಲಿಪಿಗೇ ಹೀಗಾಯಿತು! ಯಂತ್ರದೊಡನೆ ಒಗ್ಗುವುದು ಎಷ್ಟು ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಮೇಣದ ಕಾಗದದ ಕಾಲ

ಸಣ್ಣ ಸಂಖ್ಯೆಯವರಿಗೆ ಮೊದಲು ದೊರೆತ ಆಸರೆ ಸೈಕ್ಲೋಸ್ಟೈಲ್. ಎಡಿಸನ್ 1876ರಲ್ಲಿ ಕಾಗದಕ್ಕೆ ತೂತು ಕೊರೆಯುವ ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದ. 1880ರ ದಶಕದಲ್ಲಿ ಲಂಡನ್ನಿನ ಡೇವಿಡ್ ಗೆಸ್ಟೆಟ್ನರ್ ಈ ವಿದ್ಯೆಯನ್ನು ಕಚೇರಿಗೆ ತಕ್ಕ ಯಂತ್ರವಾಗಿಸಿದ. ಹಿರಿಯ ಶಿಕ್ಷಕರಿಗೆ ಇದನ್ನು ವಿವರಿಸಬೇಕಿಲ್ಲ. ಹೊಸಬರಿಗಾಗಿ ಹೇಳುತ್ತೇನೆ. ಮೇಣ ಸವರಿದ ತೆಳು ಸ್ಟೆನ್ಸಿಲ್ ಕಾಗದದ ಮೇಲೆ ಚೂಪಾದ ಲೋಹದ ಮೊನೆಯಿಂದ ಬರೆದರೆ ಬರೆದ ಕಡೆ ಮೇಣ ಸರಿಯುತ್ತದೆ. ಆ ಹಾಳೆಯನ್ನು ಶಾಯಿ ತುಂಬಿದ ಉರುಳೆಗೆ ಸುತ್ತಿ ಹಿಡಿಕೆ ತಿರುಗಿಸಿದರೆ ಒಂದೊಂದು ಸುತ್ತಿಗೆ ಒಂದೊಂದು ಪ್ರತಿ. ಬರೆಯುವಾಗ ತಪ್ಪಾದರೆ ತಿದ್ದುವ ದ್ರವ ಹಚ್ಚಿ, ಒಣಗಿಸಿ, ಮತ್ತೆ ಬರೆಯಬೇಕು. ಕೈ ಭಾರವಾದರೆ 'ಠ'ದ ಹೊಟ್ಟೆಯೇ ಹರಿದು ಬೀಳುತ್ತದೆ, ಹಗುರಾದರೆ ಅಕ್ಷರವೇ ಮೂಡುವುದಿಲ್ಲ.

ಆದರೂ ಸೈಕ್ಲೋಸ್ಟೈಲ್ ಕನ್ನಡದ ದೊಡ್ಡ ಮಿತ್ರ. ಅದಕ್ಕೆ ಫಾಂಟ್ ಬೇಡ, ಮೊಳೆ ಬೇಡ, ಕೀಲಿಮಣೆಯೂ ಬೇಡ. ಬರೆಯಲು ಬರುವ ಶಿಕ್ಷಕನಿದ್ದರೆ ಯಾವ ಲಿಪಿಯಾದರೂ ಸರಿ! ಕಲ್ಲಚ್ಚಿನ ಗುಣವೇ ಇದಕ್ಕೂ ಬಂದಿತ್ತು. ಪ್ರತಿ ಶಾಲೆಯಲ್ಲೂ ಮುತ್ತಿನಂಥ ಅಕ್ಷರದವರೊಬ್ಬರು ಇದ್ದೇ ಇರುತ್ತಿದ್ದರು. ಪರೀಕ್ಷೆ ಬಂತೆಂದರೆ ಎಲ್ಲರೂ ಅವರ ಮನೆ ಬಾಗಿಲಿಗೆ!

ಕನ್ನಡ ಬೆರಳಚ್ಚು ಯಂತ್ರವೂ ಬಂತು. ಅನಂತಸುಬ್ಬರಾಯರು ಅದರ ಕೀಲಿಮಣೆಯನ್ನು ರೂಪಿಸಿದರು. ನೂರಾರು ಮೊಳೆಗಳ ಲಿಪಿಯನ್ನು ನಾಲ್ಕು ಸಾಲು ಕೀಲಿಗಳಿಗೆ ಇಳಿಸಿದ್ದು ಸಣ್ಣ ಸಾಹಸವಲ್ಲ. ಆದರೆ ಮಹಾರಾಷ್ಟ್ರದ ಕಚೇರಿಯಲ್ಲಿ ಬೆರಳಚ್ಚು ಯಂತ್ರವಿದ್ದರೆ ಅದು ಮರಾಠಿಯದು ಅಥವಾ ಇಂಗ್ಲಿಷಿನದು. ಕನ್ನಡದ್ದು ಬೇಕೆಂದರೆ ಗಡಿಯ ಆಚೆ ಸಂಕೇಶ್ವರಕ್ಕೋ, ನಿಪ್ಪಾಣಿಗೋ, ಬೆಳಗಾವಿಗೋ ಹೋಗಬೇಕು. ಹೀಗಾಗಿ ನಮ್ಮ ಭಾಗದಲ್ಲಿ ಕೈಬರಹದ ಸ್ಟೆನ್ಸಿಲ್ಲೇ ಬಹುಕಾಲ ಬಾಳಿತು.

ಬೆಳಕಿನಿಂದ ಬರೆಯುವ ಯಂತ್ರ

ಲೇಸರ್ ಪ್ರಿಂಟರಿನ ತಾಯಿ ಝೆರಾಕ್ಸ್ ಯಂತ್ರ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಪೇಟೆಂಟ್ ಕಚೇರಿಯ ಕೆಲಸದಲ್ಲಿದ್ದವನು. ನಕಲು ತೆಗೆದು ತೆಗೆದು ಬೇಸತ್ತು 1938ರ ಅಕ್ಟೋಬರ್ 22ರಂದು ಮೊದಲ ಒಣ ನಕಲನ್ನು ತೆಗೆದ. ಅದು ಮಾರುಕಟ್ಟೆಗೆ ತಕ್ಕ ಯಂತ್ರವಾಗಲು ಇಪ್ಪತ್ತು ವರ್ಷ ಹಿಡಿಯಿತು. ಝೆರಾಕ್ಸ್ 914 ಬಂದದ್ದು 1959ರಲ್ಲಿ. ಅದೇ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್ 1960ರ ದಶಕದ ಕೊನೆಯಲ್ಲಿ ಇನ್ನೊಂದು ಯೋಚನೆ ಮಾಡಿದ. ಕಾಗದದ ಬಿಂಬದ ಬದಲು ಕಂಪ್ಯೂಟರ್ ಹೇಳಿದಂತೆ ಲೇಸರ್ ಕಿರಣವೇ ಉರುಳೆಯ ಮೇಲೆ ಬರೆದರೆ ಹೇಗೆ? ಮೇಲಿನವರು ಒಪ್ಪಲಿಲ್ಲ. 1971ರಲ್ಲಿ ಆತ ಕ್ಯಾಲಿಫೋರ್ನಿಯಾದ ಸಂಶೋಧನಾ ಕೇಂದ್ರಕ್ಕೆ ಹೋಗಿ ಅದನ್ನು ಸಾಧಿಸಿದ. 1977ರಲ್ಲಿ ಬಂದ ಝೆರಾಕ್ಸ್ 9700 ಕೋಣೆಯಷ್ಟು ಜಾಗ ಬೇಡುವ, ನಿಮಿಷಕ್ಕೆ 120 ಪುಟ ಉಗುಳುವ ದೈತ್ಯ. ಅದೂ ದೊಡ್ಡ ಸಂಖ್ಯೆಯವರ ಯಂತ್ರವೇ!

ಟೇಬಲ್ಲಿನ ಮೇಲೆ ಕೂರುವ ಯಂತ್ರ ಬಂದದ್ದು 1984ರಲ್ಲಿ. ಜಪಾನಿನ ಕ್ಯಾನನ್ ತಯಾರಿಸಿದ ಒಡಲಿನ ಮೇಲೆ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ ಲೇಸರ್‌ಜೆಟ್ ಹೊರತಂದಿತು. ನಿಮಿಷಕ್ಕೆ 8 ಪುಟ, ಅಂಗುಲಕ್ಕೆ 300 ಚುಕ್ಕೆ, ಬೆಲೆ 3,495 ಡಾಲರ್.

ಇದು ಕೆಲಸ ಮಾಡುವ ಬಗೆಯನ್ನು ಮಕ್ಕಳಿಗೂ ಹೇಳಬಹುದು. ಬೆಳಕು ಬಿದ್ದರೆ ವಿದ್ಯುದಂಶ ಕಳೆದುಕೊಳ್ಳುವ ಗುಣದ ಉರುಳೆಯೊಂದು ಒಳಗಿದೆ, ಅದೇ ಡ್ರಮ್. ಮೊದಲು ಅದಕ್ಕೆಲ್ಲ ವಿದ್ಯುದಂಶ ತುಂಬುತ್ತಾರೆ. ಲೇಸರ್ ಕಿರಣ ಅಕ್ಷರ ಇರಬೇಕಾದ ಕಡೆ ಮಾತ್ರ ಸೋಕುತ್ತದೆ. ಆ ಜಾಗಗಳಿಗೆ ಟೋನರ್ ಎಂಬ ಕರಿ ಪುಡಿ ಅಂಟಿಕೊಳ್ಳುತ್ತದೆ. ಟೋನರ್ ಶಾಯಿಯಲ್ಲ, ಅದು ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ. ಅದು ಕಾಗದಕ್ಕೆ ದಾಟಿದ ಮೇಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನ ಫ್ಯೂಸರ್ ಅದನ್ನು ಕರಗಿಸಿ ಕಾಗದಕ್ಕೆ ಬೆಸೆಯುತ್ತದೆ. ಆಗ ಹೊರಬಂದ ಹಾಳೆ ರೊಟ್ಟಿಯ ಹಾಗೆ ಬಿಸಿಬಿಸಿ!

ಕನ್ನಡಕ್ಕೆ ಇದರಿಂದ ಆದ ಲಾಭವನ್ನು ಲೆಕ್ಕ ಹಾಕಿ ನೋಡೋಣ. 12 ಪಾಯಿಂಟ್ ಅಕ್ಷರವೆಂದರೆ ಅಂಗುಲದ ಆರನೆಯ ಒಂದು ಭಾಗ ಎತ್ತರ. 9 ಸೂಜಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಒಂದು ಓಟಕ್ಕೆ ಅಂಗುಲಕ್ಕೆ 72 ಚುಕ್ಕೆ, ಅಂದರೆ ಒಂದು ಅಕ್ಷರಕ್ಕೆ 12 ಚುಕ್ಕೆಯ ಎತ್ತರ. ಇಂಗ್ಲಿಷಿಗೆ ಅದು ಸಾಕು. ಆದರೆ 'ಸ್ತ್ರೀ' ಎಂಬುದನ್ನು 12 ಚುಕ್ಕೆಯೊಳಗೆ ಹೇಗೆ ಕೂರಿಸುವುದು? ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಎರಡು ಒತ್ತು. ಎಲ್ಲ ಕಲಸಿ ಮಸಿಯ ಮುದ್ದೆಯಾಗುತ್ತಿತ್ತು. 300 ಚುಕ್ಕೆಯ ಲೇಸರಿನಲ್ಲಿ ಅದೇ ಅಕ್ಷರಕ್ಕೆ 50 ಚುಕ್ಕೆಯ ಎತ್ತರ ಸಿಕ್ಕಿತು, 600 ಚುಕ್ಕೆಯದರಲ್ಲಿ 100. ಒಂದನೆಯ ತರಗತಿಯ ಮಗು ಒತ್ತಕ್ಷರವನ್ನು ಗುರುತಿಸುವಷ್ಟು ಸ್ಪಷ್ಟವಾಗಿ ಕನ್ನಡ ಕಚೇರಿಯ ಟೇಬಲ್ಲಿನ ಮೇಲೆ ಮೂಡಿತು. ಅದಕ್ಕಿಂತ ಮುಖ್ಯ, ಮೊದಲ ಪ್ರತಿಗೂ ನೂರನೆಯ ಪ್ರತಿಗೂ ಒಂದೇ ಖರ್ಚು. ಇಪ್ಪತ್ತು ಪ್ರತಿ ಬೇಕಾದವನಿಗೂ ಅಚ್ಚುಕೂಟ ಕೈಗೆಟುಕಿತು.

ಯಂತ್ರ ಬಂತು, ಅಕ್ಷರ ಬರಲಿಲ್ಲ

ಕೈಗೆಟುಕಿತೆಂದೆ, ಆದರೆ ತಕ್ಷಣವೇ ಅಲ್ಲ. ಸ್ಟೆನ್ಸಿಲ್ಲಿಗೆ ಲಿಪಿಯ ಹಂಗಿರಲಿಲ್ಲ. ಕಂಪ್ಯೂಟರಿಗೆ ಅಕ್ಷರವನ್ನು ಮೊದಲು ಕಲಿಸಬೇಕು. ಪುಣೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್, ಕಾನಪುರದ ಐಐಟಿಯಲ್ಲಿ ಹುಟ್ಟಿದ್ದ ಜಿಸ್ಟ್ ತಂತ್ರಜ್ಞಾನವನ್ನು ಮುಂದುವರಿಸಿತು. ಕಂಪ್ಯೂಟರಿನೊಳಗೆ ಒಂದು ಕಾರ್ಡ್ ಕೂರಿಸಿದರೆ ಕನ್ನಡವೂ ಸೇರಿ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಇತ್ತ ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದ್ದ ಕೆ. ಪಿ. ರಾವ್ ಕನ್ನಡವನ್ನು ಉಚ್ಚಾರಣೆಯ ಕ್ರಮದಲ್ಲಿ ಒತ್ತಿ ಬರೆಯುವ ಕೀಲಿಮಣೆಯನ್ನು ರೂಪಿಸಿದರು. ನೂರಾರು ಮೊಳೆಗಳ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ವ್ಯಂಜನ ಒತ್ತಿ, ಸ್ವರ ಒತ್ತಿದರೆ ಕಾಗುಣಿತ ತಾನೇ ಆಗುತ್ತದೆ. ನಾವು ಮಕ್ಕಳಿಗೆ ಕಲಿಸುವ ವ್ಯಾಕರಣವೇ ಯಂತ್ರದ ವ್ಯಾಕರಣವಾಯಿತು!

1990ರ ದಶಕದಲ್ಲಿ ಪೇಟೆಗಳಲ್ಲಿ ಡಿಟಿಪಿ ಅಂಗಡಿಗಳು ತಲೆಯೆತ್ತಿದವು. ಪೇಜ್‌ಮೇಕರಿನಲ್ಲಿ ಜೋಡಿಸಿ, ಬಟರ್ ಪೇಪರಿನ ಮೇಲೆ ಲೇಸರ್ ಪ್ರಿಂಟ್ ತೆಗೆದು, ಅದರಿಂದ ಆಫ್‌ಸೆಟ್ ಪ್ಲೇಟ್ ಮಾಡುವುದು ರೂಢಿಯಾಯಿತು. ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ ಮುಂತಾದ ತಂತ್ರಾಂಶಗಳಲ್ಲಿ ಕನ್ನಡ ಫಾಂಟುಗಳಿದ್ದವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಅದನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿದ್ದರಿಂದ ಅದು ಗಡಿ ದಾಟಿ ನಮಗೂ ದೊರೆಯಿತು. ನಮ್ಮಂಥ ಶಾಲೆಗಳಿಗೆ ಇವೆರಡೂ ದೊಡ್ಡ ಉಪಕಾರ ಮಾಡಿದವು.

ಆದರೆ ಒಂದು ತೊಡಕು ಉಳಿಯಿತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಕೂರಿಸಿದ್ದವು. ಉದಾಹರಣೆಗೆ, ನುಡಿಯ ಹಳೆಯ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡ 'ಪಿ' ಇರಬೇಕಾದ ಜಾಗದಲ್ಲಿ 'ಕ'ದ ಒಡಲು, ಅದರ ತಲೆಕಟ್ಟು ಇನ್ನೊಂದು ಜಾಗದಲ್ಲಿ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಎಲ್ಲ ಸರಿ. ಫೈಲನ್ನು ಫ್ಲಾಪಿಗೋ ಪೆನ್‌ಡ್ರೈವಿಗೋ ಹಾಕಿಕೊಂಡು ಮರಾಠಿ ಫಾಂಟ್ ಮಾತ್ರವಿರುವ ಅಂಗಡಿಗೆ ಹೋದರೆ? ಕನ್ನಡದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಅಕ್ಷರ ಮತ್ತು ಚಿತ್ರವಿಚಿತ್ರ ಗುರುತುಗಳ ರಾಶಿಯಾಗಿ ಹೊರಬರುತ್ತಿತ್ತು. ಕರ್ನಾಟಕದ ಒಳಗಿನ ಶಾಲೆಗೆ ಇದು ಅಪರೂಪದ ತೊಂದರೆ, ಪಕ್ಕದ ಅಂಗಡಿಯಲ್ಲಿ ನುಡಿ ಇರುತ್ತಿತ್ತು. ಗಡಿಯಾಚೆಯ ಶಾಲೆಗೆ ಇದು ದಿನನಿತ್ಯದ್ದು. ಯಂತ್ರ ಒಂದೇ, ಟೋನರ್ ಒಂದೇ, ಕಾಗದ ಒಂದೇ, ಆದರೆ ಅಕ್ಷರಕ್ಕೆ ಮಾತ್ರ ಗಡಿ!

ಇದಕ್ಕೆ ಪರಿಹಾರ ಆಗಲೇ ಹುಟ್ಟಿತ್ತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಇತ್ತು. ಬಾಡಿಗೆ ಬೇಡ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟ್ ಸೇರಿತು. ಆದರೆ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಅರಿಯದು. ಆದ್ದರಿಂದ ಅಂಗಡಿಗಳು ಬಹಳ ವರ್ಷ ಹಳೆಯ ಫಾಂಟುಗಳಿಗೇ ಅಂಟಿಕೊಂಡವು. ಈ ವಿಷಯದಲ್ಲಿ ಕಾಸರಗೋಡಿನ ನಮ್ಮ ಬಂಧುಗಳಿಗೆ ಬೇರೊಂದು ಅನುಕೂಲ ದೊರೆಯಿತು. ಕೇರಳ ಸರ್ಕಾರದ ಐಟಿ@ಸ್ಕೂಲ್ ಯೋಜನೆ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶವಾದ ಲಿನಕ್ಸನ್ನು ತಂದಿತು. ಲಿನಕ್ಸಿನಲ್ಲಿ ಭಾರತೀಯ ಭಾಷೆಗಳು ನಡೆಯುವುದು ಯೂನಿಕೋಡಿನ ಮೇಲೆಯೇ. ರಾಜ್ಯದ ಭಾಷೆಗೆ ಹಾಕಿದ ದಾರಿಯಲ್ಲೇ ಅಲ್ಪಸಂಖ್ಯಾತರ ಭಾಷೆಯೂ ನಡೆಯಬಹುದು ಎಂಬುದಕ್ಕೆ ಇದು ನಿದರ್ಶನ.

ಮೋಡಿಗೂ 2014ರಲ್ಲಿ ಯೂನಿಕೋಡಿನಲ್ಲಿ ಜಾಗ ದೊರೆಯಿತು. ಅಷ್ಟರಲ್ಲಿ ಅದನ್ನು ಬಳಸುವ ಕಚೇರಿಗಳೇ ಉಳಿದಿರಲಿಲ್ಲ.

ಇಟ್ಟುಕೊಂಡವರ ಅನುಭವ

ಇನ್ನು ಪ್ರಿಂಟರ್ ಇಟ್ಟುಕೊಂಡವರ ಕಷ್ಟಸುಖ. 2000ದ ದಶಕದ ನಡುವಿನಲ್ಲಿ ಬಂದ ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ 2900 ಭಾರತದ ಸಣ್ಣ ಕಚೇರಿಗಳಲ್ಲೆಲ್ಲ ಕಾಣುತ್ತಿದ್ದವು. ಹೊರಗಿನ ಹೆಸರು ಬೇರೆ, ಒಳಗಿನ ಒಡಲು ಕ್ಯಾನನ್ನಿನದೇ. ಒಂದು ಕಾರ್ಟ್ರಿಜ್ ಸುಮಾರು 2,000 ಪುಟಕ್ಕೆ. ಈ ಲೆಕ್ಕ ಪುಟದ ನೂರಕ್ಕೆ 5 ಭಾಗ ಮಾತ್ರ ಕಪ್ಪಾದರೆ ಎಂಬ ಊಹೆಯದು. ಒತ್ತೊತ್ತಾಗಿ ತುಂಬಿದ ಕನ್ನಡ ಪುಟಕ್ಕೂ, ಚಿತ್ರವಿರುವ ಅಭ್ಯಾಸದ ಹಾಳೆಗೂ ಅದು ಅನ್ವಯಿಸದು.

ಒಂದು ಸಣ್ಣ ಲೆಕ್ಕ ಮಾಡೋಣ. ತರಗತಿಗೆ 18 ಮಕ್ಕಳು, 6 ವಿಷಯ, ಪ್ರಶ್ನೆಪತ್ರಿಕೆಗೆ 2 ಪುಟ ಎಂದರೆ 216 ಪುಟ. ವರ್ಷಕ್ಕೆ ನಾಲ್ಕು ಪರೀಕ್ಷೆ ಎಂದರೆ 864. ಏಳು ತರಗತಿಗೆ 6,048. ಅಂದರೆ ವರ್ಷಕ್ಕೆ ಮೂರು ಕಾರ್ಟ್ರಿಜ್, ಅದೂ ಪರೀಕ್ಷೆಗೆ ಮಾತ್ರ! ಹೊಸ ಕಾರ್ಟ್ರಿಜ್ಜನ್ನೇ ಪ್ರತಿ ಸಲ ಕೊಂಡರೆ ಮೂಗಿಗಿಂತ ಮೂಗುತಿ ಭಾರ. ಅದಕ್ಕೇ ರೀಫಿಲ್ ಮಾಡುವವರ ಹೊಸ ಕಸುಬೊಂದು ಹುಟ್ಟಿತು. ಈ ಮಾದರಿಯ ಕಾರ್ಟ್ರಿಜ್ಜಿನಲ್ಲಿ ಪುಟ ಎಣಿಸುವ ಚಿಪ್ ಇರಲಿಲ್ಲ. ಪುಡಿ ತುಂಬಿದರೆ ಮತ್ತೆ ನಡೆಯುತ್ತಿತ್ತು. ಈ ಯಂತ್ರಗಳು ಇಷ್ಟು ವರ್ಷ ಬಾಳಲು ಅದೂ ಒಂದು ಕಾರಣ. ಈಚಿನ ಅನೇಕ ಮಾದರಿಗಳಲ್ಲಿ ಚಿಪ್ ಇದೆ. ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿಯಬೇಕು.

ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಇಲ್ಲಿ ಕೊಡುತ್ತೇನೆ.

1) ಅಕ್ಷರ ಮಸುಕಾದ ಕೂಡಲೇ ಪುಡಿ ಮುಗಿಯಿತೆಂದು ತಿಳಿಯಬೇಡಿ. ಕಾರ್ಟ್ರಿಜ್ಜನ್ನು ಹೊರತೆಗೆದು ಅಡ್ಡಡ್ಡಲಾಗಿ ನಾಲ್ಕೈದು ಸಲ ಮೆಲ್ಲಗೆ ಅಲುಗಿಸಿ. ಇನ್ನಷ್ಟು ಪುಟ ಬರುತ್ತವೆ. ಡ್ರಮ್ಮಿನ ಮೈಯನ್ನು ಮುಟ್ಟಬೇಡಿ, ಬಿಸಿಲಿಗೆ ಇಡಬೇಡಿ.

2) ರೀಫಿಲ್ ಮಾಡುವವರು ತ್ಯಾಜ್ಯ ಪುಡಿಯ ಕೋಣೆಯನ್ನೂ ಖಾಲಿ ಮಾಡಿದರೇ ಎಂದು ನೋಡಿ. ಮಾಡದಿದ್ದರೆ ಹಾಳೆಯ ಮೇಲೆ ಮಸಿ ಸುರಿಯುತ್ತದೆ.

3) ಹಾಳೆಯಲ್ಲಿ ಒಂದೇ ಕಲೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಅದು ಉರುಳೆಯ ದೋಷ. ಅಳತೆಪಟ್ಟಿ ಇಟ್ಟು ನೋಡಿ. ಈ ಮಾದರಿಗಳಲ್ಲಿ ಅಂತರ ಸುಮಾರು 75 ಮಿಲಿಮೀಟರ್ ಇದ್ದರೆ ಡ್ರಮ್ ಗಾಯಗೊಂಡಿದೆ ಎಂದರ್ಥ. 24 ಮಿಲಿಮೀಟರ್ ವ್ಯಾಸದ ಉರುಳೆಯ ಸುತ್ತಳತೆ ಅಷ್ಟೇ ಅಲ್ಲವೇ? ಗಣಿತದ ಪಾಠಕ್ಕೂ ಒಳ್ಳೆಯ ಉದಾಹರಣೆ!

4) ಮಳೆಗಾಲದಲ್ಲಿ ಕಾಗದ ತೇವ ಹೀರುತ್ತದೆ. ತೇವದ ಹಾಳೆ ಫ್ಯೂಸರಿನ ಕಾವಿಗೆ ಸುರುಳಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ರೀಮನ್ನು ಪೂರ್ತಿ ಬಿಚ್ಚಿಡದೆ ಬೇಕಾದಷ್ಟೇ ತೆಗೆಯಿರಿ. ಹಾಳೆ ಎಳೆಯುವ ರಬ್ಬರ್ ಗಾಲಿಗೆ ಧೂಳು ಹಿಡಿದರೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ.

5) 2005ರ ನಂತರದ ವರ್ಷಗಳಲ್ಲಿ ಗ್ರಾಮೀಣ ಮಹಾರಾಷ್ಟ್ರದಲ್ಲಿ ಭಾರನಿಯಮನ ಕಠಿಣವಾಗಿತ್ತು. ಕಂಪ್ಯೂಟರಿಗೆ ಯುಪಿಎಸ್ ಇತ್ತಲ್ಲ ಎಂದು ಪ್ರಿಂಟರನ್ನೂ ಅದಕ್ಕೇ ಜೋಡಿಸಿದವರ ಯುಪಿಎಸ್ ಕಿರುಚಿ ನಿಂತಿತು. ಫ್ಯೂಸರ್ ಕಾಯುವಾಗ ನೂರಾರು ವ್ಯಾಟ್ ಎಳೆಯುತ್ತದೆ. ಸಣ್ಣ ಯುಪಿಎಸ್ಸಿಗೆ ಅದು ತಡೆಯದು. ಪ್ರಿಂಟರಿಗೆ ಗೋಡೆಯ ಪ್ಲಗ್ಗೇ ಸರಿ.

6) ಪುಡಿ ಚೆಲ್ಲಿದರೆ ಬಿಸಿನೀರು ಬೇಡ. ಅದು ಪ್ಲಾಸ್ಟಿಕ್, ಕಾವಿಗೆ ಅಂಟುತ್ತದೆ. ಒಣ ಬಟ್ಟೆಯಿಂದ ಒರೆಸಿ ತಣ್ಣೀರಿನಿಂದ ತೊಳೆಯಿರಿ.

7) ಬೇರೆ ಕಡೆ ಪ್ರಿಂಟ್ ತೆಗೆಸುವುದಿದ್ದರೆ ಪಿಡಿಎಫ್ ಮಾಡಿಕೊಂಡೇ ಹೋಗಿ. ಅದರೊಳಗೆ ಫಾಂಟ್ ಸೇರಿಕೊಂಡಿದ್ದರೆ ಮರಾಠಿ ಅಂಗಡಿಯಲ್ಲೂ ಕನ್ನಡ ಕನ್ನಡವಾಗಿಯೇ ಬರುತ್ತದೆ.

ಇಷ್ಟೆಲ್ಲ ತಾಪತ್ರಯವಿದ್ದರೂ ಪ್ರಿಂಟರ್ ಇರುವ ಶಾಲೆಗೂ ಇಲ್ಲದ ಶಾಲೆಗೂ ಅಂತರ ದೊಡ್ಡದು. ಪ್ರಶ್ನೆಯಲ್ಲಿ ತಪ್ಪಿದ್ದರೆ ಪರೀಕ್ಷೆಯ ದಿನ ಬೆಳಿಗ್ಗೆಯೂ ತಿದ್ದಬಹುದು. ನಿಧಾನ ಕಲಿಯುವ ಮೂವರು ಮಕ್ಕಳಿದ್ದರೆ ಮೂರೇ ಪ್ರತಿಯ ಬೇರೆ ಹಾಳೆ ಮಾಡಬಹುದು. ಯಾವ ಮುದ್ರಕನೂ ಮೂರು ಪ್ರತಿಗೆ ಮೊಳೆ ಜೋಡಿಸುತ್ತಿರಲಿಲ್ಲ. ಮರಾಠಿ ಶಾಸನ ನಿರ್ಣಯದ ಸಾರವನ್ನು ಅದೇ ದಿನ ಕನ್ನಡದಲ್ಲಿ ಬರೆದು ಅಜ್ಜಿ ಓದುವಂತೆ ಮನೆಗೆ ಕಳುಹಿಸಬಹುದು. ಕನ್ನಡದಲ್ಲಿ ಕೊಡಲು ಆಗುವುದಿಲ್ಲ, ಸೌಲಭ್ಯವಿಲ್ಲ ಎಂಬ ಮಾತಿಗೆ ಈಗ ಆಧಾರವಿಲ್ಲ. ಇನ್ನು ಕನ್ನಡದ ಹಾಳೆ ಬರದಿದ್ದರೆ ಅದು ಯಂತ್ರದ ಕೊರತೆಯಲ್ಲ, ಮನಸ್ಸಿನ ಕೊರತೆ.

ಉಳಿಸಿಡಬೇಕಾದದ್ದು

ಕೊನೆಯದಾಗಿ ಒಂದು ವಿನಂತಿ. ಲೇಸರ್ ಹಾಳೆ ನೀರಿಗೆ ಕರಗದು, ಬೇಗ ಮಸುಕಾಗದು. ಆದರೆ ಅದಕ್ಕೂ ಶತ್ರುವಿದೆ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ವರ್ಷಗಳಲ್ಲಿ ಅಕ್ಷರಗಳು ಕಾಗದ ಬಿಟ್ಟು ಕವರಿಗೇ ಅಂಟಿಕೊಳ್ಳುತ್ತವೆ. ಶಾಲೆಯ ಮುಖ್ಯ ದಾಖಲೆಗಳನ್ನು ಕಾಗದದ ಫೈಲಿನಲ್ಲೇ ಇಡಿ.

ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫೈಲುಗಳು ನಿಮ್ಮ ಕಂಪ್ಯೂಟರುಗಳಲ್ಲಿ, ಸಿ.ಡಿ.ಗಳಲ್ಲಿ ಇನ್ನೂ ಇರಬಹುದು. ಅವನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ಓದಿ ತಿದ್ದಿ. ಹಾಗೆ ಮಾಡದಿದ್ದರೆ ಆ ಫೈಲುಗಳು ನಾಳೆಯ ಮೋಡಿ ಕಾಗದಗಳಾಗುತ್ತವೆ. ಇರುತ್ತವೆ, ಆದರೆ ಓದುವವರು ಸಿಗುವುದಿಲ್ಲ.

ಹಾಗೆಯೇ ಶಾಲೆಯ ಅಟ್ಟದ ಮೇಲೆ ಕೈಬರಹದ ಸ್ಟೆನ್ಸಿಲ್ ಪ್ರಶ್ನೆಪತ್ರಿಕೆಗಳು ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪ್ರತಿಯೊಂದಕ್ಕೂ ವರ್ಷ, ತರಗತಿ ಬರೆದು ಕಟ್ಟಿಡಿ. 1956ರ ನಂತರ ಈ ಕಡೆ ಉಳಿದ ಕನ್ನಡ ಶಾಲೆಗಳಲ್ಲಿ ಏನು ಕಲಿಸಿದರು, ಹೇಗೆ ಕೇಳಿದರು ಎಂಬುದಕ್ಕೆ ಅವೇ ಸಾಕ್ಷಿ. ಗಡಿಯ ಬಗ್ಗೆ ಆಯೋಗಗಳ ವರದಿಗಳು ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಹದಿನೆಂಟು ಮಕ್ಕಳಿಗಾಗಿ ರಾತ್ರಿ ಕುಳಿತು ಮೇಣದ ಕಾಗದದ ಮೇಲೆ ಬರೆದವರ ಕೆಲಸವನ್ನು ಭದ್ರವಾಗಿಡುವ ಹೊಣೆ ನಮ್ಮದು, ನಿಮ್ಮದು.